ನನ್ನ ಪಾಲಿಗೆ ಬಂದ ಕಾಮಾ

ಅಕ್ಕಾ, ನೀನು ದೇವರ ಪಾದ ಸೇರಿದ್ದೀಯ, ಈ ಕಾಗದ ನಿನಗೆ ಮುಟ್ಟುವುದಿಲ್ಲ. ಆದರೂ ಇವತ್ತಿನ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದಾಗದು!

ದೊಡ್ಡವರಿಗೆಂದು ನಡೆಸುವ ನಮ್ಮ ಸಂಜೆ ಶಾಲೆಯಲ್ಲಿ ಇವತ್ತು ಇಂಗ್ಲಿಷ್ ಪುನರಾವರ್ತನೆ. ಟೀಚರು ವ್ಯಾಕರಣ, ಹೊಸ ಪದ, ಉಪಮೆ, ರೂಪಕ ಎಂದು ಒಬ್ಬೊಬ್ಬರಿಗೆ ಒಂದೊಂದು ಹಂಚಿ, "ಈಗ ನೀವೇ ಪಾಠ ಮಾಡಿ. ಚೆನ್ನಾಗಿ ಮಾಡಿದವರನ್ನೇ ಪರೀಕ್ಷೆಗೆ ಕೂರಿಸ್ತೀನಿ" ಅಂದರು. ನನ್ನ ಪಾಲಿಗೆ ಕಾಮಾ, ಅದೇ ಅಲ್ಪವಿರಾಮದ ಚಿಹ್ನೆ, ಬಂತು. ಹೆದರಿಕೆಗೆ ಪುಸ್ತಕದ ಸಾಲುಗಳನ್ನೆಲ್ಲ ಒಂದೇ ಉಸಿರಿಗೆ ಓದಿಬಿಟ್ಟೆ. ಹಿಂದಿನ ಬೆಂಚಿನ ಟೈಲರ್, "ಸ್ವಲ್ಪ ನಿಲ್ಸಿ ತಾಯಿ, ಕೇಳೋರಿಗೇ ದಮ್ಮು ಕಟ್ತಿದೆ!" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಗ ನೀನು ನೆನಪಾದೆ. ಪ್ರಾರ್ಥನೆ ಹಾಡುವಾಗ ನನಗೆ ಉಸಿರು ಸಾಲದೆಂದು ಸಾಲಿನ ನಡುವೆ ತೊಡೆ ತಟ್ಟಿ ನಿಲ್ಲಿಸುತ್ತಿದ್ದೆಯಲ್ಲ? ಪುಸ್ತಕ ಮುಚ್ಚಿ ಆ ಪ್ರಾರ್ಥನೆಯನ್ನೇ ಹಾಡಿದೆ. ನೀನು ತಟ್ಟುತ್ತಿದ್ದಲ್ಲೆಲ್ಲ ಮೇಜು ತಟ್ಟಿ, "ಕಾಮಾ ಅಂದ್ರೆ ಇಷ್ಟೇ, ಇಲ್ಲಿ ಉಸಿರು ತಗೊಳ್ಳಿ" ಅಂದೆ. ಆಮೇಲೆ ಇಂಗ್ಲಿಷ್ ಸಾಲುಗಳನ್ನೂ ಹಾಗೇ ಓದಿದೆ. ಇಡೀ ತರಗತಿ ನನ್ನ ಜೊತೆ ಮೇಜು ತಟ್ಟಿತು, ಆ ಟೈಲರ್ ಕೂಡ!

ನನ್ನನ್ನು ಪರೀಕ್ಷೆಗೆ ಕೂರಿಸುತ್ತಾರಂತೆ, ಅಕ್ಕ!

"ಇದನ್ನ ನಿಮಗೆ ಯಾರು ಕಲಿಸಿದ್ರು?" ಎಂದು ಟೀಚರು ಕೇಳಿದರು.

"ನಮ್ಮಕ್ಕ" ಅಂದೆ.

"ಹಾಗಾದ್ರೆ ನಾಳೆ ಅವರನ್ನೂ ಕರ್ಕೊಂಡು ಬನ್ನಿ. ನಿಮ್ಮ ಪಕ್ಕದ ಜಾಗ ಖಾಲಿ ಇದೆಯಲ್ಲ?"

ನಾನು "ಆಗಲಿ" ಅಂದುಬಿಟ್ಟೆ.