ಅಜ್ಜನನ್ನು ಅಳಿಸಿದ ಚಿತ್ರ

ಫಾಲೆತಾಯಿ, ಸವಾಯಿ ದ್ವೀಪ
ಗುರುವಾರ, ಸೆಪ್ಟೆಂಬರ್ ೧೪

ನನ್ನ ಮುದ್ದಿನ ಪೆನಿ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಆಕ್ಲೆಂಡಿನ ಚಳಿಗೆ ಮೂಗು ಸೋರುವುದು ನಿಂತಿತೇ? ಇಡೀ ದಿನ ಕಂಪ್ಯೂಟರಿನ ಮುಂದೆ ಬಗ್ಗಿ ಕೂರಬೇಡ, ನಡುನಡುವೆ ಎದ್ದು ಓಡಾಡು. ಕಣ್ಣಿನ ವಿಷಯ ಮಾತ್ರ ನಾನು ಕೇಳುವುದಿಲ್ಲ. ನಿನ್ನ ಕಣ್ಣು ಎಷ್ಟು ಚುರುಕಾಗಿದೆ ಎಂದು ಕಳೆದ ಶನಿವಾರ ಊರಿಗೆಲ್ಲ ಗೊತ್ತಾಯಿತು. ನನ್ನ ಮಂಡಿ ಹಾಗೇ ಇದೆ, ಸಕ್ಕರೆ ಕಾಯಿಲೆಯೂ ಹಾಗೇ ಇದೆ. ಹೊಟ್ಟೆಯಲ್ಲಿ ಮಾತ್ರ ಬೆಂಕಿ ಬಿದ್ದಿದೆ, ಅದನ್ನು ಹಚ್ಚಿದವರಲ್ಲಿ ನೀನೂ ಒಬ್ಬ.

ಶನಿವಾರ ಹೋಟೆಲು ಕಂಪನಿಯವರು ಬಂದಿದ್ದರು. ನಿನ್ನ ಚಿಕ್ಕಜ್ಜ ಇಓಪು, ಅಣ್ಣ ಸತ್ತ ಮೇಲೆ ಮನೆತನದ ಮುಖಂಡನಾಗಿ ಮೆರೆಯುತ್ತಿರುವ ಆ ಮಹಾನುಭಾವ, ಊರಿನ ಹಿರಿಯರನ್ನೆಲ್ಲ ಕರೆಸಿ ದೊಡ್ಡ ಪರದೆ ಕಟ್ಟಿಸಿದ್ದ. ಕಡಲ ಕಡೆಯ ನಮ್ಮ ಅಂಗಳವನ್ನು ಅವರಿಗೆ ಗುತ್ತಿಗೆ ಕೊಡುತ್ತಾನಂತೆ. ಹೋಟೆಲು ಎದ್ದ ಮೇಲೆ ಜಾಗ ಹೇಗಿರುತ್ತದೆ ಎಂದು ನೀನು ಮಾಡಿದ ಚಿತ್ರ ಪರದೆಯ ಮೇಲೆ ಬಂತು. ಹೋದ ಕ್ರಿಸ್ಮಸ್ಸಿಗೆ ಬಂದಾಗ ಆ ಹಾರುವ ಕ್ಯಾಮೆರಾ ಬಿಟ್ಟು ಜಾಗವನ್ನೆಲ್ಲ ಹಿಡಿದುಕೊಂಡೆಯಲ್ಲ, ನಾನು ನೆನಪಿಗಿರಲಿ ಅಂತ ತೆಗೆಯುತ್ತಿದ್ದೀಯ ಎಂದುಕೊಂಡು ಕೆಳಗಿನಿಂದ ಕೈ ಬೀಸಿದ್ದೆ. ಅದೇ ಕಡಲು, ಅದೇ ಹಲಸು, ನೀರಿನ ಮೇಲೆ ಮಿನುಗುವ ಬಿಸಿಲು ಕೂಡ. ಪಾದ್ರಿಯ ಹೆಂಡತಿ, "ಅಬ್ಬಾ, ನಿಮ್ ಮೊಮ್ಮಗನ ಕೈಯೇ ಕೈ!" ಎಂದಳು. ನಾನೂ ಚಪ್ಪಾಳೆ ಹೊಡೆದೆ ಕಣೋ. ಆಮೇಲೆ ನಿನ್ನ ಅಜ್ಜನನ್ನು ಹುಡುಕಿದೆ. ಅಂಗಳದಲ್ಲಿರುವ ಅವನ ಗೋರಿ ಚಿತ್ರದಲ್ಲಿ ಇಲ್ಲ. ಅವನ ತಾಯಿಯದೂ ಇಲ್ಲ. ಹನ್ನೊಂದೇ ದಿನ ಬದುಕಿದ ನನ್ನ ಕೂಸಿನ ಪುಟ್ಟ ಗೋರಿಯೂ ಇಲ್ಲ. ಅಲ್ಲೊಂದು ನೀಲಿ ಈಜುಕೊಳ, ಪಕ್ಕದಲ್ಲಿ ಉದ್ದನೆಯ ಕುರ್ಚಿಯ ಮೇಲೆ ಕೆಂಪು ಈಜುಡುಗೆಯ ಹೆಂಗಸೊಬ್ಬಳು ಪುಸ್ತಕ ಓದುತ್ತಾ ಮಲಗಿದ್ದಳು.

ಚಿತ್ರ ಮುಗಿದ ಮೇಲೆ ಎಲ್ಲರೂ ಕೋಕೋ ಕುಡಿಯಲು ನಮ್ಮ ಅಂಗಳಕ್ಕೆ ಬಂದರು. ಇಓಪು ಬೆಳಿಗ್ಗೆಯೇ ಗೋರಿಗಳ ಮೇಲೆ ಚಾಪೆ ಹೊದಿಸಿಟ್ಟಿದ್ದ, ಅತಿಥಿಗಳಿಗೆ ಗೌರವವಂತೆ! ಕಂಪನಿಯ ಉದ್ದನೆಯ ಬ್ರಿಸ್ಬೇನಿನವನಿಗೆ, "ಕೂತ್ಕೊಳಿ ಸ್ವಾಮಿ, ಹಳೇ ಮನೆ ಕಟ್ಟೆ ಇದು, ಬರೋ ತಿಂಗಳು ಒಡೆಸ್ಬಿಡ್ತೀವಿ" ಎಂದ. ಆ ಪುಣ್ಯಾತ್ಮ ಬಟ್ಟಲು ಹಿಡಿದುಕೊಂಡು ಕೂತೇಬಿಟ್ಟ. ಶಾಲೆಯಲ್ಲಿ ಕಲಿತು ಮರೆತಿದ್ದ ಇಂಗ್ಲಿಷೆಲ್ಲ ನನ್ನ ಬಾಯಿಗೆ ಬಂತು. "ಆರಾಮಾಗಿದ್ಯಾ ಮಗಾ? ನೀನು ಕೂತಿರೋದು ನನ್ ಗಂಡನ ಎದೆ ಮೇಲೆ" ಎಂದು ಚಾಪೆಯ ತುದಿ ಎಳೆದೆ. ಕಲ್ಲಿನ ಮೇಲೆ ಫೆರೇತಿ ಎಂಬ ಹೆಸರು ಕಂಡದ್ದೇ ತಡ, ಅವನು ಹಾರಿ ಎದ್ದ, ಕೋಕೋ ಎಲ್ಲ ಅವನ ಪ್ಯಾಂಟಿನ ಮೇಲೆ. "ಚಿತ್ರದಲ್ಲಿ ಇದಿರ್ಲಿಲ್ವಲ್ಲ?" ಎಂದು ಕೇಳಿದ. ಆಗ ನಿನ್ನ ಚಿಕ್ಕಜ್ಜ ಏನೆಂದ ಗೊತ್ತೇ? "ಅತ್ತಿಗೆಗೆ ವಯಸ್ಸಾಯ್ತು ಸ್ವಾಮಿ, ತಲೆ ನೆಟ್ಟಗಿಲ್ಲ. ನೆನಪಿಗೆ ಅಂತ ಹೆಸರು ಹಾಕಿರೋದು ಅಷ್ಟೇ, ಹೂತಿರೋದು ಚರ್ಚಿನ ಹಿಂದೆ. ಅಳತೆ ಹಿಡಿದು ಚಿತ್ರ ಮಾಡಿದೋನು ಇವಳ ಸ್ವಂತ ಮೊಮ್ಮಗ. ಯಾವ ಹುಡುಗ ಅಜ್ಜನ ಮೂಳೆ ಮೇಲೆ ಈಜುಕೊಳ ಬರೀತಾನೆ, ನೀವೇ ಹೇಳಿ." ಹಿರಿಯರೆಲ್ಲ ನೆಲ ನೋಡಿದರು. ಗುತ್ತಿಗೆಯಲ್ಲಿ ಅವರಿಗೂ ಪಾಲಿದೆಯಲ್ಲ, ಯಾರು ಬಾಯಿ ಬಿಡುತ್ತಾರೆ? ನನ್ನ ಗಂಡನನ್ನು ಇಲ್ಲವೆನ್ನಿಸಲು ಇಓಪುವಿನ ಕೈಗೆ ಸಾಕ್ಷಿ ಕೊಟ್ಟವನು ನೀನು. ಬ್ರಿಸ್ಬೇನಿನವನು ಮೂವತ್ತನೇ ತಾರೀಖು ಕಾಗದಪತ್ರದ ಜೊತೆ ಬರುತ್ತಾನೆ. ಅಷ್ಟರಲ್ಲಿ ಚಿತ್ರ ಮಾಡಿದವನು ಬೇರೆ ಏನಾದರೂ ಹೇಳಿದರೆ ಕೇಳುತ್ತೇನೆ ಎಂದು ಹೋದ.

ನಾನೇನು ಅಳುತ್ತಾ ಕೂತಿದ್ದೇನೆ ಅಂದುಕೊಂಡೆಯಾ? ಸೋಮವಾರ ಹೆಂಗಸರ ಸಂಘದವರನ್ನೆಲ್ಲ ಕರೆಸಿ ಸಿಮೆಂಟು ಕಲಸಿದೆ. ಅಜ್ಜನ ಮಗ್ಗುಲಲ್ಲಿ, ನಿನ್ನ ಕೆಂಪು ಈಜುಡುಗೆಯವಳು ಮಲಗಿದ್ದ ಜಾಗದಲ್ಲೇ, ನನ್ನ ಗೋರಿ ಎದ್ದಿದೆ. ಹೆಸರು ಬರೆಸಿ, ಹುಟ್ಟಿದ ವರ್ಷ ಹಾಕಿಸಿದ್ದೇನೆ. ಇಓಪು ಲುಂಗಿ ಎತ್ತಿಕಟ್ಟಿಕೊಂಡು ಓಡಿ ಬಂದ. "ಅತ್ತಿಗೆ, ನೀವಿನ್ನೂ ಸತ್ತಿಲ್ಲ!" ಎಂದು ಕಿರುಚಿದ. "ನಿಂಗ್ಯಾಕಪ್ಪ ಅವಸರ? ನೀನು ಹೋಗೋದು ನೋಡ್ಕೊಂಡೇ ನಾನು ಮಲಗೋದು" ಎಂದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಈಗ ದಿನಾ ಬೆಳಿಗ್ಗೆ ನನ್ನ ಗೋರಿಯ ಮೇಲೆ ಕೂತು ಅವನ ಮನೆಯ ಬಾಗಿಲನ್ನೇ ನೋಡುತ್ತಾ ಕೋಕೋ ಕುಡಿಯುತ್ತೇನೆ. ಅವನು ನನ್ನ ಕಣ್ಣು ತಪ್ಪಿಸಲು ಹಂದಿಗೂಡಿನ ಹಿಂದಿನ ಕೆಸರಲ್ಲಿ ಓಡಾಡುತ್ತಿದ್ದಾನೆ. ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ, ಆದರೆ ಪೂರ್ತಿ ಆರುವುದಿಲ್ಲ.

ನಿನ್ನ ಕಸುಬು ನನಗೂ ಅಷ್ಟಿಷ್ಟು ಗೊತ್ತು. ಕರೆಂಟು ತಂತಿ ಅಳಿಸುತ್ತೀರಿ, ನೀರಿನ ಟ್ಯಾಂಕು, ಬೀದಿನಾಯಿ, ಒಣಹಾಕಿದ ಬಟ್ಟೆ ಎಲ್ಲ ಅಳಿಸುತ್ತೀರಿ. ಅಳಿಸಿಕೊಳ್ಳಿ, ನನ್ನ ತಕರಾರಿಲ್ಲ. "ಬರೀ ಚಿತ್ರ ಕಣೋ, ಸ್ವಲ್ಪ ಚೊಕ್ಕ ಮಾಡು" ಎಂದು ಇಓಪು ನಿನಗೆ ಹೇಳಿದ್ದನಂತೆ, ನಿನ್ನ ತಂಗಿ ಲೋಸಾ ಬಾಯಿಬಿಟ್ಟಳು. ನೀನು ಚೊಕ್ಕ ಮಾಡಿದೆ. ನಡೆಯಲು ಕಲಿಯುವಾಗ ನೀನು ಹಿಡಿದು ನಿಂತದ್ದು ಆ ಕೂಸಿನ ಗೋರಿಯನ್ನೇ. ಅದನ್ನು ಒರೆಸುವಾಗ ನಿನ್ನ ಬೆರಳು ಒಂದು ಗಳಿಗೆಯಾದರೂ ನಿಲ್ಲಲಿಲ್ಲವೇ? ಇದನ್ನು ನಾನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾನುವಾರ ಚರ್ಚು ತಪ್ಪಿಸಬೇಡ. ದೇವರು ನಿನ್ನ ಕೈಗೆ ಬಲ ಕೊಡಲಿ, ಜೊತೆಗೆ ಒಂದಿಷ್ಟು ನಾಚಿಕೆಯನ್ನೂ ಕೊಡಲಿ.

ನಿನ್ನನ್ನು ಎತ್ತಿ ಆಡಿಸಿದ ಅಜ್ಜಿ,
ಸಿನಪಾತಿ

ಮರೆತೆ: ಲಕೋಟೆಯಲ್ಲಿ ಒಂದು ಫೋಟೋ ಇಟ್ಟಿದ್ದೇನೆ. ಅಜ್ಜನನ್ನು ಮಣ್ಣು ಮಾಡಿದ ದಿನ ಗೋರಿಯ ಮುಂದೆ ಮನೆಯವರೆಲ್ಲ ನಿಂತು ತೆಗೆಸಿಕೊಂಡದ್ದು. ನೀನು ನನ್ನ ಹೆಗಲು ಹಿಡಿದುಕೊಂಡು ಅಳುತ್ತಿದ್ದೆ. ಪೇಟೆಯ ಸ್ಟುಡಿಯೋದವಳಿಗೆ ಹೇಳಿ ನಿನ್ನನ್ನು ತೆಗೆಸಿದೆ. ನನ್ನ ಹೆಗಲ ಮೇಲೆ ನಿನ್ನ ನಾಲ್ಕು ಬೆರಳು ಉಳಿದುಕೊಂಡಿದ್ದವು, ಅವನ್ನೂ ತೆಗೆ ಎಂದೆ. ಈಗ ಅಲ್ಲಿ ಕಡಲು ಕಾಣುತ್ತದೆ, ಬಲು ಚೊಕ್ಕವಾಗಿದೆ. ಇನ್ನೊಂದು ಪ್ರತಿ ಗೋಡೆಗೆ ಹಾಕಿದ್ದೇನೆ, ಬಂದವರು ಯಾರೂ ನೀನೆಲ್ಲಿ ಎಂದು ಕೇಳಲಿಲ್ಲ. "ಅಲ್ಲಿ ಗೋರಿಗಳಿವೆ, ನಮ್ಮವರನ್ನು ಹೂತದ್ದು ಅಲ್ಲೇ, ಅಳಿಸಿದವನು ನಾನು" ಎಂದು ಬರೆದು ಸಹಿ ಹಾಕಿ ಬ್ರಿಸ್ಬೇನಿನವನಿಗೆ ಕಳಿಸು. ನೀನಿರುವ ಹಳೆಯ ಫೋಟೋವನ್ನೂ ಅಳಿಸಿಬಿಡಲೇ ಎಂದು ಸ್ಟುಡಿಯೋದವಳು ಕೇಳಿದಳು. ಮೂವತ್ತನೇ ತಾರೀಖಿನವರೆಗೆ ತಡಿ ಎಂದಿದ್ದೇನೆ.