ಒಂದು ಲೈನು, ಎರಡು ಕೋಣೆ

ಮನೆ, ಮಹಡಿಯ ಕೋಣೆ
ಜೂನ್ ೧೩, ಶನಿವಾರ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ವಾಸಿಯಾದವೇ? ಹಡಗಿನ ಅಡುಗೆಯವನ ಮೇಲಿನ ಸಿಟ್ಟಿಗೆ ಊಟ ಬಿಡಬೇಡಿ. ಅವನಿಗೇನೂ ಆಗುವುದಿಲ್ಲ, ಸೊರಗುವುದು ನೀವು. ನಾನು ಚೆನ್ನಾಗಿದ್ದೇನೆ. ಮಾವನ ಬಲಗೈ ಇನ್ನೂ ಮಾತು ಕೇಳುವುದಿಲ್ಲ, ಆದರೆ ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ.

ಇನ್ನು ಇಲ್ಲಿಯ ವಿಷಯ. ರೈಲು ನಿಲ್ದಾಣದ ಮೈಕಿನಲ್ಲಿ ಜೀವಮಾನವಿಡೀ ಗಾಡಿಗಳ ಬರುಹೋಗು ಸಾರಿದ ಮಾವನ ಆ ಗಂಟಲು, ಲಕ್ವ ಹೊಡೆದ ಮೇಲೆ ಒಂದು 'ಹೂಂ'ಗೂ ಒದ್ದಾಡುವುದನ್ನು ನೋಡಿಯೇ ನೀವು ಹಡಗು ಹತ್ತಿದಿರಿ. ಆಮೇಲೆ ಆಸ್ಪತ್ರೆಯವರು ಮಾತು ಕಲಿಸುವ ಟೀಚರನ್ನು ಗೊತ್ತು ಮಾಡಿಕೊಟ್ಟರು. ದಿನಾ ಬೆಳಿಗ್ಗೆ ಕಂಪ್ಯೂಟರಿನಲ್ಲೇ ಪಾಠ. ಡಾಕ್ಟರುಗಳ ಮಾತಿನ ರೆಕಾರ್ಡಿಂಗುಗಳನ್ನು ನಾನು ಟೈಪು ಮಾಡಿ ಕಳಿಸಬೇಕಾದದ್ದೂ ಅದೇ ಹೊತ್ತಿಗೆ. ಇಂಟರ್ನೆಟ್ ಡಬ್ಬಿ ಇರುವುದು ಕೆಳಗೆ ಮಾವನ ಕೋಣೆಯಲ್ಲಿ. ಅದಕ್ಕೆ ವಯರು ಸಿಕ್ಕಿಸಲು ಒಂದೇ ತೂತು. ಮೆಟ್ಟಿಲ ಮೇಲೆ ಉದ್ದನೆಯ ವಯರು ಹಾಸಿಕೊಂಡು, ಅವರದನ್ನು ಕಿತ್ತು ನನ್ನದನ್ನು ಸಿಕ್ಕಿಸುವುದು, ನನ್ನದನ್ನು ಕಿತ್ತು ಅವರದನ್ನು ಸಿಕ್ಕಿಸುವುದು, ಹತ್ತಿ ಇಳಿದೇ ನನ್ನ ಬೆಳಗು ಮುಗಿಯುತ್ತಿತ್ತು. ಕೆಲಸ ತಡವಾಗತೊಡಗಿತು. ಒಂದು ದಿನ ನಮ್ಮ ಮೇಲ್ವಿಚಾರಕಿ ಫೋನ್ ಮಾಡಿ, "ಹೀಗೇ ಆದ್ರೆ ನಿಮ್ ಕೆಲ್ಸ ಬೇರೆಯವರಿಗೆ ಕೊಡ್ಬೇಕಾಗತ್ತೆ ನೋಡಿ" ಅಂದರು. ಪಕ್ಕದಲ್ಲೇ ಇದ್ದ ಮಾವನ ಕಿವಿಗೆ ಅದು ಬಿತ್ತು. ಮರುದಿನ ಪಾಠದ ಹೊತ್ತಿಗೆ ಕೆಳಗೆ ಹೋದರೆ ತಮ್ಮ ಕಂಪ್ಯೂಟರಿಗೆ ಟವಲು ಹೊದಿಸಿ, ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಎಬ್ಬಿಸಿದರೆ ಎಡಗೈ ಆಡಿಸಿ ಬೇಡವೆಂದರು. ನನ್ನ ಕೆಲಸ ಉಳಿಯಲಿ ಎಂದು ತಮ್ಮ ಮಾತನ್ನೇ ಬಿಡಲು ಹೊರಟಿದ್ದರು. ನನಗೆ ಹಟ ಬಂತು. ಟವಲು ಕಿತ್ತು ಒಗೆಯಲು ಹಾಕಿದೆ.

ಇಂಟರ್ನೆಟ್ಟಿನವನು ಬಂದು, "ಇನ್ನೊಂದು ಕನೆಕ್ಷನ್ ತಗೊಳ್ಳಿ ಮೇಡಂ, ಆದ್ರೆ ಕಂಬದಲ್ಲಿ ಜಾಗ ಇಲ್ಲ, ಕಾಯ್ಬೇಕು" ಎಂದು ತಲೆ ಕೆರೆದುಕೊಂಡ. "ಒಂದು ನಲ್ಲೀಲಿ ಎರಡು ಕೊಡ ತುಂಬಲ್ವೇನಪ್ಪ?" ಅಂದೆ. ತುಂಬುತ್ತದೆ, ಆದರೆ ತನ್ನ ಕೆಲಸ ಡಬ್ಬಿಯವರೆಗೆ ಮಾತ್ರ ಎಂದು ಹೋಗಿಬಿಟ್ಟ. ಸರಿ, ನಾನೇ ಪೇಟೆಗೆ ಹೋಗಿ ಲೈನು ಹಂಚುವ ರೂಟರ್ ತಂದೆ. ವೈಫೈ ಮಹಡಿ ತಲುಪುವಷ್ಟರಲ್ಲಿ ಉಸಿರು ಕಳೆದುಕೊಳ್ಳುತ್ತಿತ್ತು, ವಯರನ್ನೇ ಎಳೆಯಬೇಕಾಯಿತು. ಮಾವನ ಕೋಣೆಯ ಚಾವಣಿ ಕೊರೆಯಲು ನಿಮ್ಮ ಡ್ರಿಲ್ ತೆಗೆದುಕೊಂಡೆ, ಬೈಯಬೇಡಿ. ಮೊದಲ ತೂತು ನೆಟ್ಟಗೆ ಮೇಲಿದ್ದ ನಿಮ್ಮ ಬೀರುವಿನೊಳಗೆ ಹೋಯಿತು; ನೀಲಿ ಅಂಗಿಯ ಬಗ್ಗೆ ಮುಖತಃ ಮಾತಾಡೋಣ. ಎರಡನೆಯದು ಸರಿಯಾಯಿತು. ಮೇಲಿನಿಂದ ಕೊಕ್ಕೆ ಕಟ್ಟಿದ ದಾರ ಇಳಿಬಿಟ್ಟೆ, ಕೆಳಗೆ ಮಾವ ಎಡಗೈಯಲ್ಲೇ ಅದಕ್ಕೆ ವಯರು ಸಿಕ್ಕಿಸಿದರು, ನಾನು ಎಳೆದುಕೊಂಡೆ. ಎರಡೂ ಕಂಪ್ಯೂಟರುಗಳು ಒಟ್ಟಿಗೆ ಎದ್ದವು. ಆದರೆ ನಾನು ದೊಡ್ಡ ಫೈಲು ಕಳಿಸಿದಾಗೆಲ್ಲ ಕೆಳಗೆ ಟೀಚರ ಮಾತು ತುಂಡಾಗುತ್ತಿತ್ತು. ಮತ್ತೆ ಕೂತು ಹುಡುಕಿದೆ. ಯಾವ ಕಂಪ್ಯೂಟರಿಗೆ ಮೊದಲ ಪಾಲು ಎಂದು ರೂಟರಿಗೆ ಹೇಳಿಡಬಹುದಂತೆ. ಮಾವನದಕ್ಕೆ ಎಂದು ಹೇಳಿಟ್ಟೆ. ಈಗ ಅವರು ಕೆಳಗೆ 'ಪ, ಪಾ' ಅನ್ನುತ್ತಿರುವಾಗ ನಾನು ಮೇಲೆ ಡಾಕ್ಟರುಗಳ ಗೊಣಗಾಟ ಟೈಪು ಮಾಡುತ್ತಿರುತ್ತೇನೆ. ಈ ವಾರ ಒಂದು ಫೈಲೂ ತಡವಾಗಿಲ್ಲ. ಮೇಲ್ವಿಚಾರಕಿಯ ಫೋನೂ ಇಲ್ಲ.

ಕಡಲು ನಿಮ್ಮನ್ನು ಹೆಚ್ಚು ಕುಲುಕದಿರಲಿ. ನಿಮ್ಮ ಜೊತೆಯವರಿಗೆಲ್ಲ ನನ್ನ ನೆನಪು ಹೇಳಿ. ಮಾವನ ಆಶೀರ್ವಾದ ಇದರೊಳಗೇ ಇದೆ.

ನಿಮ್ಮವಳು

ತಾ.ಕ.: ಅಂಚೆಗೆ ಹೊತ್ತಾಯಿತು, ಗಡಿಬಿಡಿಯಲ್ಲಿ ಗೀಚುತ್ತಿದ್ದೇನೆ. ನಿಮ್ಮಕ್ಕ ಈಗಷ್ಟೇ ಫೋನ್ ಮಾಡಿದ್ದರು. ಮಾವನನ್ನು ತಮ್ಮ ಮನೆಗೆ ಕರೆದೊಯ್ಯಲು ಬರುತ್ತಾರಂತೆ; ನನಗೆ ಕಷ್ಟವಾಗುತ್ತದೆಂದು ನೀವೇ ಹೇಳಿದ್ದಿರಂತೆ. ನನಗೆ ಕೋಪವಿಲ್ಲ. ಆದರೆ ಯಾರೂ ಮಾವನನ್ನು ಕೇಳಿರಲಿಲ್ಲವಲ್ಲ, ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದು, "ಹೋಗ್ತೀರಾ ಮಾವಾ?" ಅಂದೆ. ತುಂಬ ಹೊತ್ತು ತುಟಿ ಅಲುಗಿತು. ಅತ್ತಲಿಂದ ನಿಮ್ಮಕ್ಕ ಹಲೋ ಹಲೋ ಅನ್ನುತ್ತಲೇ ಇದ್ದರು. ಕೊನೆಗೆ ಟೀಚರು ಕಲಿಸದ ಮಾತು ಬಂತು: "ಇಲ್ಲೇ... ಇರ್ತೀನಿ." ನಿಮ್ಮಕ್ಕ ಅತ್ತುಬಿಟ್ಟರು. ನೋಡಲು ಬರಲಿ, ನಾಲ್ಕು ದಿನ ಇದ್ದು ಹೋಗಲಿ. ಕರೆದೊಯ್ಯುವ ಮಾತು ಮಾತ್ರ ಇನ್ನು ಬೇಡವೆಂದು ನೀವೂ ಅವರಿಗೆ ಬರೆಯಿರಿ.