ತೆಳ್ಳಗಿದ್ದಾರೆಂದು ಬಿಟ್ಟೆಯಲ್ಲ

ಶ್ರೀನಿವಾಸಪುರ
೧೪ ಜೂನ್ ೨೦೨೫

ಧನಶ್ರೀ,

ನಿನ್ನ ಮನೆಯವರೆಲ್ಲ ಚೆನ್ನಾಗಿರಲಿ. ಅಷ್ಟು ಹಾರೈಸಿ ಜಗಳಕ್ಕೆ ಕೂತಿದ್ದೇನೆ.

ಮಾಲೂರಿನಲ್ಲಿ ನಿಮ್ಮ ಸಂಸ್ಥೆ ನಡೆಸುವ ಕೊಲೆಸ್ಟ್ರಾಲ್ ಜಾಗೃತಿ ಕಾರ್ಯಕ್ರಮಕ್ಕೆ ಬಾ, ತೀರಿಹೋದ ಗಂಡನ ಬಗ್ಗೆ ವೇದಿಕೆಯಲ್ಲಿ ಎರಡು ಮಾತಾಡು ಎಂದು ಕರೆದಿದ್ದೀಯ. ಆಡಬೇಕಾದ ಮಾತನ್ನೂ ನೀನೇ ಬರೆದು ಕಳಿಸಿದ್ದೀಯ: "ಎಣ್ಣೆ, ಬಿರಿಯಾನಿ ನನ್ನ ಗಂಡನನ್ನು ನುಂಗಿದವು." ಓದಿ ಮೈಯೆಲ್ಲ ಉರಿದುಹೋಯಿತು ಕಣೇ. ಸಾದಿಕ್ ದಿನಾ ತಿನ್ನುತ್ತಿದ್ದದ್ದು ಮುದ್ದೆ, ಬಸ್ಸಾರು. ನನ್ನ ಮದುವೆಯಾದಾಗಿನಿಂದ ನಮ್ಮನೆಯಲ್ಲಿ ಎಷ್ಟು ಸಲ ಉಂಡಿದ್ದೀಯ, ನಿನಗೆ ಗೊತ್ತಿಲ್ಲವೆ? ನಮ್ಮ ಹೆಸರು ಕಂಡ ಕೂಡಲೇ ಬಿರಿಯಾನಿ ನೆನಪಾಯಿತೆ?

ಫೆಬ್ರವರಿಯಲ್ಲಿ ನಿಮ್ಮ ಸಂಸ್ಥೆ ಹೋಳೂರಿನಲ್ಲಿ ನಾಟಕ ಆಡಿಸಿತಲ್ಲ, ನಮ್ಮನ್ನೂ ಕರೆದಿದ್ದೆ. ಹೊಟ್ಟೆಗೆ ದಿಂಬು ಕಟ್ಟಿಕೊಂಡ ಹೆಂಗಸೊಬ್ಬಳು ಬೋಂಡಾ ತಿನ್ನುತ್ತಾ ಎದೆ ಹಿಡಿದುಕೊಂಡು ಬೀಳುತ್ತಾಳೆ. ಜನ ನಕ್ಕು ನನ್ನ ಕಡೆ ತಿರುಗಿದರು. ನಾನು ದಪ್ಪ, ಹೌದು. ಅದನ್ನೂ ಸಹಿಸಿಕೊಂಡೆ. ಆಮೇಲೆ ರಕ್ತ ಪರೀಕ್ಷೆಗೆ ನನ್ನನ್ನೇ ಮೊದಲು ಕೂರಿಸಿದೆ. ನನ್ನದು ಸರಿಯಾಗಿಯೇ ಇತ್ತು. ಹಿಂದೆಯೇ ಸಾದಿಕ್ ಅಂಗಿಯ ತೋಳು ಮಡಚಿ ನಿಂತರು. ಅವರ ಅಬ್ಬಾ ನಲವತ್ತಕ್ಕೇ ಎದೆನೋವಿನಿಂದ ಹೋದವರು. ಅದನ್ನು ಹೇಳಲು ಬಾಯಿ ತೆರೆದರು ಕೂಡ. ನೀನು ಕೈ ಅಲ್ಲಾಡಿಸಿ, "ನಿಮ್ಗ್ಯಾಕೆ ಭಾವಾ, ಕಡ್ಡಿ ತರ ಇದೀರ. ದಪ್ಪ ಇರೋರು ಬರ್ಲಿ ಬಿಡಿ," ಅಂದೆ. ಎಲ್ಲರೂ ನಕ್ಕರು. ಅವರೂ ನಕ್ಕು ಅಂಗಿಯ ತೋಳು ಇಳಿಸಿಕೊಂಡರು. ಆಮೇಲೆ ನಾನು ಪರೀಕ್ಷೆ ಮಾಡಿಸಿ ಎಂದಾಗಲೆಲ್ಲ, ನಿನ್ನ ಗೆಳತಿಯೇ ಸರ್ಟಿಫಿಕೇಟ್ ಕೊಟ್ಟಿದ್ದಾಳಲ್ಲ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಮೇ ತಿಂಗಳಲ್ಲಿ ಮಂಡಿಯಲ್ಲಿ ಮಾವಿನ ಕ್ರೇಟ್ ಇಳಿಸುತ್ತಾ ಕುಸಿದರು. ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಅವರ ತಂದೆ ಹೇಗೆ ತೀರಿಕೊಂಡರೆಂದು. ಇದು ವಂಶದಲ್ಲಿ ಬರುವ ಕೊಲೆಸ್ಟ್ರಾಲ್, ತೆಳ್ಳಗಿರುವವರಿಗೂ ಇರುತ್ತದೆ, ಮೊದಲೇ ತಿಳಿದಿದ್ದರೆ ಮಾತ್ರೆಯಿಂದ ಹಿಡಿತಕ್ಕೆ ತರಬಹುದಿತ್ತು ಎಂದರು. ಮರುದಿನ ಸಾದಿಕ್ ಇರಲಿಲ್ಲ.

ನೀನು ಬಂದು ನನ್ನನ್ನು ತಬ್ಬಿಕೊಂಡು ಅತ್ತೆ. ಹೋಳೂರಿನ ಮಾತು ಮಾತ್ರ ಎತ್ತಲಿಲ್ಲ. ಮರೆತಿದ್ದೆಯೋ, ಮರೆತವಳಂತೆ ನಟಿಸಿದೆಯೋ? ಹೋದ ವಾರ ಮುಳಬಾಗಿಲಿನಲ್ಲೂ ಅದೇ ನಾಟಕ ಆಡಿಸಿದಿರಂತೆ. ಅಲ್ಲಿ ಯಾರ್ಯಾರು ನಗುತ್ತಾ ಮನೆಗೆ ಹೋದರೋ! ನನಗೆ ನಿನ್ನ ಕಣ್ಣೀರು ಬೇಡ. ತಪ್ಪು ಹೇಳಿಕೊಟ್ಟೆವು ಎಂದು ಹೋಳೂರಿಗೇ ಹೋಗಿ, ಮೈಕ್ ಹಿಡಿದು ಹೇಳು. ಅಲ್ಲಿಯವರೆಗೆ ನನ್ನ ಹೊಸ್ತಿಲು ತುಳಿಯಬೇಡ.

ಕೋಪ ಇಳಿಯದ ನಿನ್ನ ಗೆಳತಿ,
ಸಾದಿಯಾ

ತಾ.ಕ.: ಕಾಗದ ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಇವತ್ತು ಮಗಳು ಮುಬಶ್ಶಿರಾಳ ರಕ್ತದ ವರದಿ ಬಂತು. ಅವಳಿಗೂ ಅಪ್ಪನದೇ ಕಾಯಿಲೆ. ಒಂಬತ್ತನೇ ಕ್ಲಾಸಿನ ಹುಡುಗಿ, ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವಂತಿದ್ದಾಳೆ. ಮಾತ್ರೆ ಶುರುಮಾಡಿದ್ದಾರೆ. ಮಾಲೂರಿಗೆ ಬರುತ್ತೇನೆ. ನೀನು ಬರೆದುಕೊಟ್ಟದ್ದನ್ನು ಓದುವುದಿಲ್ಲ. ಇವಳ ಹೆಸರು ಎತ್ತಬಾರದು ಅಂದುಕೊಂಡಿದ್ದೆ. ಅವಳೇ ಅಂದಳು: "ನನ್ನೂ ಕರ್ಕೊಂಡೋಗು ಅಮ್ಮೀ. ನನ್ನ ನೋಡಿದ್ರೆ ನಂಬ್ತಾರೆ."